ಕೆರೆಗೆ ಬಿಟ್ಟ ಟ್ರೌಟ್ ಮೀನು ಯಾಕೆ ಕಚ್ಚುತ್ತಿಲ್ಲ? ಮೊದಲು ಆಳ ನೋಡಿ

ಪ್ರಶ್ನೆ: ನಾನು ಸಾಗರದ ಕಡೆಯವನು. ಚಿಕ್ಕಂದಿನಲ್ಲಿ ಕೆರೆ ಕೋಡಿಯಲ್ಲಿ ಎರೆಹುಳ ಸಿಕ್ಕಿಸಿ ಗಾಳ ಹಾಕಿ ಗೊತ್ತು. ಈಗ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಮಾಮಿಶ್‌ನಲ್ಲಿದ್ದೇನೆ. ಈ ವಸಂತದಲ್ಲಿ ಫ್ಲೈ (ಗಾಳಕ್ಕೆ ದಾರ ಸುತ್ತಿ ಮಾಡಿದ ನಕಲಿ ಹುಳ) ಎಸೆಯುವ ರಾಡ್ ಕೊಂಡು ರ‍್ಯಾಟಲ್‌ಸ್ನೇಕ್ ಲೇಕ್‌ಗೆ ಹೋಗುತ್ತಿದ್ದೇನೆ. ಇಲಾಖೆಯವರು ಟ್ರೌಟ್ ಬಿಟ್ಟಿದ್ದಾರೆ, ಕಣ್ಣೆದುರೇ ಎಗರುತ್ತವೆ. ಆದರೆ ನನ್ನ ಫ್ಲೈ ಮೂಸಿಯೂ ನೋಡುವುದಿಲ್ಲ. ಪಕ್ಕದಲ್ಲಿ ಫ್ಲೋಟ್ ಟ್ಯೂಬಿನಲ್ಲಿ, ಅಂದರೆ ಗಾಳಿ ತುಂಬಿದ ತೇಲುವ ಆಸನದಲ್ಲಿ, ಕೂತವರು ಒಂದಾದ ಮೇಲೊಂದು ಹಿಡಿಯುತ್ತಾರೆ. ಲೈನ್ ಎಸೆಯಲು ಕಲಿಸುವ ಕಾಸ್ಟಿಂಗ್ ಕ್ಲಾಸಿಗೆ ಸೇರಬೇಕೆ? ಈ ಮೀನು ತಿನ್ನಬಹುದೆ? ಎಂಟು ವರ್ಷದ ಮಗನನ್ನು ಕರೆದುಕೊಂಡು ಹೋಗಬಹುದೆ?

ಉತ್ತರ: ಕ್ಲಾಸಿಗೆ ದುಡ್ಡು ಕಟ್ಟುವುದನ್ನು ಸದ್ಯಕ್ಕೆ ಬದಿಗಿಡಿ. ಮುಂದಿನ ಸಲ ಹೋದಾಗ ಆ ಟ್ಯೂಬಿನವರನ್ನು ಅರ್ಧ ಗಂಟೆ ಸುಮ್ಮನೆ ನೋಡಿ. ಅವರಲ್ಲಿ ಹೆಚ್ಚಿನವರು ಲೈನ್ ಎಸೆಯುವುದೇ ಇಲ್ಲ. ಹಿಂದೆ ಲೈನ್ ಬಿಟ್ಟುಕೊಂಡು ಕಾಲಿಗೆ ಕಟ್ಟಿದ ಈಜುರೆಕ್ಕೆ (ಫಿನ್) ಆಡಿಸುತ್ತಾ ನಿಧಾನ ತೇಲುತ್ತಿರುತ್ತಾರೆ, ಇಲ್ಲವೇ ಒಂದೇ ಕಡೆ ನಿಂತು ಬೆಂಡು ನೋಡುತ್ತಿರುತ್ತಾರೆ. ಎಸೆತದಲ್ಲಿ ಅವರು ನಿಮಗಿಂತ ಮೇಲೇನೂ ಅಲ್ಲ. ಅವರ ಫ್ಲೈ ಮೀನಿರುವ ಆಳದಲ್ಲಿದೆ, ನಿಮ್ಮದು ಇಲ್ಲ, ಅಷ್ಟೆ. ಹೊಸಬರು ಎಸೆತಕ್ಕೆ ಕೊಡುವ ತಲೆಬಿಸಿಯಲ್ಲಿ ಕಾಲುಭಾಗ ಆಳಕ್ಕೆ ಕೊಟ್ಟರೂ ಬರಿಗೈಯಲ್ಲಿ ಮನೆಗೆ ಬರುವುದು ಕಡಿಮೆಯಾಗುತ್ತದೆ.

ಈ ಮೀನು ಎಂಥದ್ದು ಅಂತ ಮೊದಲು ತಿಳಿಯಬೇಕು. ರೇನ್‌ಬೋ ಟ್ರೌಟ್ ಮೊಟ್ಟೆ ಇಡಲು ಹರಿಯುವ ತಣ್ಣನೆ ನೀರು, ತಳದಲ್ಲಿ ಜಲ್ಲಿ ಬೇಕು. ಸಿಯಾಟಲ್ ಸುತ್ತಲಿನ ತಗ್ಗು ಪ್ರದೇಶದ ಹೆಚ್ಚಿನ ಕೆರೆಗಳಲ್ಲಿ ಆ ಸೌಕರ್ಯವಿಲ್ಲ. ಮೀನು ಬದುಕುತ್ತದೆ, ಬೆಳೆಯುತ್ತದೆ, ಸಂತತಿ ಮಾತ್ರ ಆಗುವುದಿಲ್ಲ. ಆದ್ದರಿಂದ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆ ವರ್ಷ ವರ್ಷ ಹ್ಯಾಚರಿಯಿಂದ, ಅಂದರೆ ಮೀನುಮರಿ ಸಾಕುವ ಕೇಂದ್ರದಿಂದ, ತಂದು ಬಿಡುತ್ತದೆ. ನಮ್ಮೂರ ಕೆರೆಗೆ ಮಳೆಗಾಲದಲ್ಲಿ ಕಾಟ್ಲ, ರೋಹು ಮರಿ ಬಿಡುತ್ತಾರಲ್ಲ, ಹಾಗೇ. ಅಲ್ಲಿ ಬೆರಳುದ್ದದ ಮರಿ ಬಿಟ್ಟು ಕೆರೆಯಲ್ಲೇ ಬೆಳೆಸುತ್ತಾರೆ, ಇಲ್ಲಿ ಹೆಚ್ಚಾಗಿ ಹತ್ತು-ಹನ್ನೆರಡು ಇಂಚು ಬೆಳೆದದ್ದನ್ನೇ ಲಾರಿಯಲ್ಲಿ ತಂದು ಸುರಿಯುತ್ತಾರೆ. ಯಾವ ಕೆರೆಗೆ ಯಾವಾಗ ಎಷ್ಟು ಬಿಟ್ಟರು ಅನ್ನುವುದು ಇಲಾಖೆಯ ವೆಬ್‌ಸೈಟಿನಲ್ಲಿ ಪ್ರಕಟವಾಗುತ್ತದೆ. ಫ್ಲೈ ಕಟ್ಟುವ ಮೊದಲು ಅದನ್ನು ನೋಡಿ. ಬಿಟ್ಟು ನಾಲ್ಕು ದಿನವಾದ ಮೀನು ಒಂದು ಪ್ರಾಣಿ, ಆರು ವಾರವಾದ ಮೀನು ಇನ್ನೊಂದು ಪ್ರಾಣಿ.

ಹ್ಯಾಚರಿಯ ಮೀನು ಹುಟ್ಟಿದಾಗಿನಿಂದ ತಿಂದದ್ದು ಕಂದು ಬಣ್ಣದ ಪೆಲೆಟ್, ಅದೂ ತಲೆ ಮೇಲಿಂದ ಉದುರಿದ್ದು. ಕೆರೆಗೆ ಬಂದ ಮೊದಲ ದಿನಗಳಲ್ಲಿ ಹಿಂಡು ಒಡೆಯುವುದಿಲ್ಲ, ಇಳಿಸಿದ ಜಾಗದ ಆಸುಪಾಸಿನಲ್ಲೇ, ಮೇಲಿನ ಕೆಲವು ಅಡಿ ನೀರಿನಲ್ಲೇ ಸುತ್ತುತ್ತಿರುತ್ತದೆ. ಹಸಿವಿದೆ, ಆದರೆ ಯಾವುದು ತಿಂಡಿ, ಯಾವುದು ಕಸ ಅಂತ ಗೊತ್ತಿಲ್ಲ. ಈ ಹೊತ್ತಿನ ಮೀನಿನ ಹೊಟ್ಟೆ ಸೀಳಿದರೆ ಮರದ ಚಕ್ಕೆ, ಸಣ್ಣ ಕಲ್ಲು, ಒಣಗಿದ ಎಲೆಯ ಚೂರು ಸಿಗುವುದು ಮಾಮೂಲು. ಇಂಥ ಮೀನಿಗೆ ನೀವು ಹುಳುವಿನ ನಿಖರ ಅನುಕರಣೆ ತೋರಿಸಿ ಪ್ರಯೋಜನವಿಲ್ಲ. ಅಲುಗಾಡುವ, ಸ್ವಲ್ಪ ಮಿನುಗುವ ಏನಾದರೂ ಸಾಕು. ಹಸಿರು ಅಥವಾ ಕಪ್ಪು ವೂಲಿ ಬಗರ್ ಎಂಬ ಬಾಲವಿರುವ ಫ್ಲೈ, ಎಂಟು-ಹತ್ತನೇ ನಂಬರಿನ ಗಾಳದ ಮೇಲೆ, ಬಾಲದಲ್ಲಿ ಎರಡೆಳೆ ಮಿಂಚು. ಬೋಟ್ ಇಳಿಸುವ ಜಾಗದ ಹತ್ತಿರವೇ ಶುರು ಮಾಡಿ. ಅನುಭವಸ್ಥರು ಮೂಗು ಮುರಿಯಬಹುದು, ಅದರ ಗೊಡವೆ ನಿಮಗೆ ಬೇಡ.

ನೀವು ನೋಡಿದ ಎಗರಾಟದ ಬಗ್ಗೆಯೂ ಇಲ್ಲೇ ಹೇಳುತ್ತೇನೆ. ಹೊಸದಾಗಿ ಬಿಟ್ಟ ಟ್ರೌಟ್ ಸುಮ್ಮಸುಮ್ಮನೆ ನೀರಿನಿಂದ ಪೂರ್ತಿ ಮೇಲೆ ಹಾರುತ್ತದೆ. ಅದು ತಿನ್ನುತ್ತಿದೆ ಅಂದುಕೊಂಡು ಹಾರಿದ ಕಡೆಗೆಲ್ಲ ತೇಲುವ ಫ್ಲೈ ಎಸೆದು ಸುಸ್ತಾಗಬೇಡಿ. ತಿನ್ನುವ ಮೀನಿನ ಗುರುತು ಬೇರೆ: ಬೆನ್ನು, ಬೆನ್ನ ಹಿಂದೆ ಬಾಲದ ತುದಿ, ಸದ್ದಿಲ್ಲದೆ ಒಂದು ಉಂಗುರ. ಆಗಲೂ ಅದು ಮೇಲ್ಮೈಯ ಹುಳ ತಿನ್ನುತ್ತಿರುವುದು ಅಪರೂಪ. ಒಂದೆರಡು ಇಂಚು ಕೆಳಗೆ ಏನೋ ಏರಿಬರುತ್ತಿದೆ, ಅದನ್ನು ಹೆಕ್ಕುತ್ತಿದೆ.

ಆ ಏನೋ ಅಂದರೆ ಹೆಚ್ಚಾಗಿ ಕೈರೋನಮಿಡ್. ಸೊಳ್ಳೆಯಂತೆ ಕಾಣುವ, ಕಚ್ಚದ ನೊಣ. ಕೆರೆಯ ಟ್ರೌಟಿಗೆ ಅನ್ನ ಇದೇ. ಇದರ ಮರಿಹುಳ ತಳದ ಕೆಸರಿನಲ್ಲಿರುತ್ತದೆ. ಆಮ್ಲಜನಕ ಕಡಿಮೆಯಿರುವ ಆ ಕೆಸರಿನಲ್ಲಿ ಬದುಕಲು ಅದರ ಮೈಯಲ್ಲಿ ಹಿಮೋಗ್ಲೋಬಿನ್ ಇದೆ, ಅದಕ್ಕೇ ಕೆಂಪಗಿರುತ್ತದೆ. ಬಲಿತ ಮೇಲೆ ಕೋಶವಾಗಿ ತಳ ಬಿಟ್ಟು ಮೇಲಕ್ಕೆ ಹೊರಡುತ್ತದೆ. ಚರ್ಮದೊಳಗೆ ಸಿಕ್ಕಿಕೊಂಡ ಗಾಳಿಯಿಂದ ಮೈ ಬೆಳ್ಳಿಯಂತೆ ಹೊಳೆಯುತ್ತದೆ, ತಲೆಯ ಹತ್ತಿರ ಬಿಳಿ ಕಿವಿರಿನ ಕುಚ್ಚು. ಏರುವುದು ಬಹಳ ನಿಧಾನ, ನಡುನಡುವೆ ಸುಮ್ಮನೆ ನೇತಾಡುತ್ತಿರುತ್ತದೆ. ಮೀನು ಅಟ್ಟಿಸಿಕೊಂಡು ಹೋಗಬೇಕಾಗಿಯೇ ಇಲ್ಲ, ಬಾಯಿ ತೆರೆದು ಈಜಿದರಾಯಿತು. ಬಿಟ್ಟ ಕೆಲವು ವಾರಗಳಲ್ಲಿ ಪೆಲೆಟ್ ಮೀನು ಈ ವಿದ್ಯೆ ಕಲಿತುಬಿಡುತ್ತದೆ. ಅಲ್ಲಿಗೆ ನಿಮ್ಮ ಮಿಂಚುವ ವೂಲಿ ಬಗರ್‌ನ ಸುಗ್ಗಿ ಮುಗಿಯಿತು ಅಂತಲ್ಲ, ಇಳಿಯಿತು.

ಕೈರೋನಮಿಡ್ ಏಳುತ್ತಿದೆಯೋ ಇಲ್ಲವೋ ತಿಳಿಯಲು ಗಾಳಿ ತಳ್ಳುವ ದಡದ ಅಂಚು ನೋಡಿ. ನೊಣ ಹಾರಿಹೋದ ಮೇಲೆ ಉಳಿದ ಪಾರದರ್ಶಕ ಪೊರೆಗಳು ಅಲ್ಲಿ ಸಾಲುಗಟ್ಟಿರುತ್ತವೆ. ಒಂದನ್ನು ಉಗುರಿನ ಮೇಲೆ ಎತ್ತಿಕೊಂಡರೆ ಗಾತ್ರ ಸಿಕ್ಕಿತು. ಹನ್ನೆರಡರಿಂದ ಹದಿನಾರನೇ ನಂಬರಿನೊಳಗೆ, ಕಪ್ಪು ಮೈಗೆ ಬೆಳ್ಳಿ ಅಥವಾ ಕೆಂಪು ತಂತಿ ಸುತ್ತಿ ಮೂತಿಗೆ ಬಿಳಿ ಮಣಿ ಕೂರಿಸಿದ ಫ್ಲೈ ಇದ್ದರೆ ವಾಷಿಂಗ್ಟನ್ನಿನ ಯಾವ ಕೆರೆಗೂ ಹೋಗಬಹುದು. ಡಬ್ಬಿ ತುಂಬ ನೂರು ಬಗೆ ಕೊಳ್ಳುವುದು ಅಂಗಡಿಯವರಿಗೆ ಒಳ್ಳೆಯದು.

ಈಗ ಆಳ. ಫೋರ್ಸೆಪ್ಸ್, ಅಂದರೆ ಕಚ್ಚಿ ಹಿಡಿಯುವ ಸಣ್ಣ ಚಿಮಟ, ಒಂದನ್ನು ಕೊಳ್ಳಿ. ಹೇಗೂ ಮೀನಿನ ಬಾಯಿಂದ ಗಾಳ ಬಿಡಿಸಲು ಬೇಕು, ಆದರೆ ಮೊದಲ ಉಪಯೋಗ ಇದು: ಟ್ಯೂಬಿನಲ್ಲಿ ಒಂದು ಕಡೆ ನಿಂತು, ಫೋರ್ಸೆಪ್ಸನ್ನು ಫ್ಲೈಗೆ ಕಚ್ಚಿಸಿ ನೇರ ಕೆಳಗೆ ಇಳಿಬಿಡಿ. ಲೈನ್ ಸಡಿಲವಾದರೆ ತಳ ಮುಟ್ಟಿತು. ಲೈನ್ ಬಿಗಿಯಾಗುವಷ್ಟು ಎಳೆದುಕೊಳ್ಳಿ, ನೀರು ಮುಟ್ಟುವ ಜಾಗದಿಂದ ಒಂದಡಿ ಕೆಳಗೆ ಬೆಂಡನ್ನು, ಅಂಗಡಿಯಲ್ಲಿ ಇಂಡಿಕೇಟರ್ ಅನ್ನುತ್ತಾರೆ, ಸಿಕ್ಕಿಸಿ. ಫೋರ್ಸೆಪ್ಸ್ ಮೇಲೆ ತೆಗೆದು ಫ್ಲೈ ಮತ್ತೆ ಬಿಟ್ಟರೆ ಅದು ತಳದಿಂದ ಒಂದಡಿ ಮೇಲೆ ನೇತಾಡುತ್ತದೆ. ಕೋಶಗಳು ತಳ ಬಿಟ್ಟು ಹೊರಡುವುದು ಅಲ್ಲೇ, ಮೀನು ಕಾಯುವುದೂ ಅಲ್ಲೇ. ಹತ್ತು ನಿಮಿಷ ಏನೂ ಆಗದಿದ್ದರೆ ಬೆಂಡನ್ನು ಕೆಳಗಿಳಿಸಿ ಫ್ಲೈ ಇನ್ನೊಂದಡಿ ಮೇಲೆ ಬರುವಂತೆ ಮಾಡಿ, ಆಮೇಲೆ ಮತ್ತೊಂದಡಿ. ಕಚ್ಚಿದ ಆಳ ನೆನಪಿಟ್ಟುಕೊಳ್ಳಿ, ಆ ದಿನ ಆ ಹೊತ್ತಿಗೆ ಹಿಂಡು ಆ ಪದರದಲ್ಲಿದೆ. ಹನ್ನೆರಡು-ಹದಿನೈದು ಅಡಿ ಆಳದಲ್ಲಿ ಹಿಡಿಯುವಾಗ ಬೆಂಡು ಜಗ್ಗಿದರೆ ಬಿಟ್ಟುಕೊಂಡು ಜಾರುವ ಜಾತಿಯದೇ ಬೇಕು. ಇಲ್ಲದಿದ್ದರೆ ಬೆಂಡು ರಾಡಿನ ತುದಿಗೆ ಬಂದು ಸಿಕ್ಕಿಕೊಳ್ಳುತ್ತದೆ, ಮೀನು ಮಾತ್ರ ಇನ್ನೂ ಹದಿನೈದಡಿ ದೂರದಲ್ಲಿ ಕುಣಿಯುತ್ತಿರುತ್ತದೆ.

ಬೆಂಡು ಮುಳುಗುವುದನ್ನು ಕಾಯುತ್ತಾ ಕೂರುವುದು ನಿಮಗೆ ಸಾಗರದಲ್ಲೇ ಅಭ್ಯಾಸವಾಗಿದೆ. ಒಂದೇ ಎಚ್ಚರ: ಎರೆಹುಳವಾದರೆ ಮೀನು ವಾಸನೆ, ರುಚಿ ನೋಡಿ ನುಂಗಲು ಸಮಯ ಕೊಡುತ್ತದೆ. ಫ್ಲೈ ಬರೀ ದಾರ ಮತ್ತು ತಂತಿ, ಬಾಯಿಗೆ ಹಾಕಿಕೊಂಡ ಕ್ಷಣವೇ ಉಗುಳುತ್ತದೆ. ಬೆಂಡು ಮುಳುಗಬೇಕಾಗಿಲ್ಲ, ಓರೆಯಾದರೂ, ಅಲೆಯ ಜೊತೆ ಹೋಗದೆ ನಿಂತರೂ ರಾಡ್ ಎತ್ತಿ. ಸ್ವಲ್ಪ ಗಾಳಿಯಿದ್ದು ನೀರು ಅಲುಗುತ್ತಿದ್ದರೆ ಒಳ್ಳೆಯದೇ, ಬೆಂಡು ಏರಿಳಿಯುತ್ತಾ ಫ್ಲೈಗೆ ಜೀವ ಬರುತ್ತದೆ.

ಟ್ಯೂಬ್ ಇಲ್ಲ, ದಡದಿಂದಲೇ ಹಿಡಿಯುತ್ತೇನೆ ಅಂದರೆ ಕಷ್ಟ ಹೆಚ್ಚು, ಅಸಾಧ್ಯವಲ್ಲ. ದಡದಲ್ಲಿ ನಿಂತವರೆಲ್ಲ ಕೆರೆಯ ನಡುವಿಗೆ ಎಸೆಯಲು ಒದ್ದಾಡುತ್ತಾರೆ. ಟ್ರೌಟ್ ಓಡಾಡುವುದು ನೀರು ತೆಳುವಿನಿಂದ ಆಳಕ್ಕೆ ಧುಮುಕುವ ಏಣಿನ ಉದ್ದಕ್ಕೆ, ಅದು ಎಷ್ಟೋ ಸಲ ನಿಮ್ಮ ಕಾಲಿನಿಂದ ಇಪ್ಪತ್ತು-ಮೂವತ್ತು ಅಡಿಯಲ್ಲೇ ಇರುತ್ತದೆ. ದಡಕ್ಕೆ ಓರೆಯಾಗಿ, ಏಣಿಗೆ ಸಮಾನಾಂತರವಾಗಿ ಎಸೆಯಿರಿ. ಬಿದ್ದ ಕೂಡಲೇ ಎಳೆಯಬೇಡಿ. ಐದು ಎಣಿಸಿ ಎಳೆಯಿರಿ, ಮುಂದಿನ ಎಸೆತಕ್ಕೆ ಹತ್ತು, ಅದರ ಮುಂದಿನದಕ್ಕೆ ಹದಿನೈದು. ಫ್ಲೈ ಕಸ ಹಿಡಿದುಕೊಂಡು ಬಂದರೆ ತಳ ಮುಟ್ಟಿದೆ, ಎರಡು ಕಡಿಮೆ ಮಾಡಿ. ಎಳೆಯುವಾಗ ರಾಡಿನ ತುದಿ ನೀರಿಗೆ ತಾಗಿರಲಿ, ಫ್ಲೈ ಕಡೆಗೇ ಮುಖ ಮಾಡಿರಲಿ, ಲೈನ್ ಬಲಗೈಯ ತೋರುಬೆರಳಿನ ಕೆಳಗೆ ಇರಲಿ, ಎಡಗೈಯಲ್ಲಿ ನಾಲ್ಕಾರು ಇಂಚು ಎಳೆದು ಬಿಡಿ, ಮತ್ತೆ ಎಳೆಯಿರಿ. ತುದಿ ಗಾಳಿಯಲ್ಲಿ ಎತ್ತಿ ಹಿಡಿದರೆ ನಡುವೆ ಲೈನ್ ಜೋತುಬಿದ್ದು ಮೀನು ಕಚ್ಚಿದ್ದೇ ತಿಳಿಯುವುದಿಲ್ಲ. ನಿಮ್ಮ ಫ್ಲೈಯನ್ನು ಮೀನು ಮೂಸಿಯೂ ನೋಡಿಲ್ಲ ಅಂತ ಬರೆದಿದ್ದೀರಿ. ಕಚ್ಚಿ ಬಿಟ್ಟದ್ದು ನಿಮಗೆ ಗೊತ್ತಾಗದೆ ಹೋಗಿರುವ ಸಾಧ್ಯತೆಯೂ ಉಂಟು.

ರ‍್ಯಾಟಲ್‌ಸ್ನೇಕ್‌ನಲ್ಲಿ ಇನ್ನೊಂದು ವಿಶೇಷವಿದೆ. ಸೀಡರ್ ನದಿಗೆ ಕಟ್ಟಿದ ಅಣೆಕಟ್ಟಿನ ನೀರು ಪಕ್ಕದ ಗುಡ್ಡದ ಸಡಿಲ ಮಣ್ಣಿನೊಳಗಿಂದ ಜಿನುಗಿ ಬಂದು 1915ರಲ್ಲಿ ಮಾಂಕ್ಟನ್ ಎಂಬ ಊರನ್ನೇ ಮುಳುಗಿಸಿತು. ಲಿಂಗನಮಕ್ಕಿಯ ಕಡೆಯವರಾದ ನಿಮಗೆ ಮುಳುಗಡೆಯ ಕಥೆ ಹೊಸದಲ್ಲ. ನೀರು ಇಳಿದಾಗ ಕಾಣುವ ದೊಡ್ಡ ದೊಡ್ಡ ಮರದ ಬುಡಗಳು ನೀರೊಳಗೂ ಇವೆ. ಮೀನು ಅವುಗಳ ನೆರಳಿನಲ್ಲಿ ನಿಲ್ಲುತ್ತದೆ, ನಿಮ್ಮ ಫ್ಲೈ ಅವುಗಳಿಗೇ ಸಿಕ್ಕಿಕೊಳ್ಳುತ್ತದೆ. ನೀರಿನ ಮಟ್ಟ ಋತುವಿನಿಂದ ಋತುವಿಗೆ ಬಹಳ ಏರಿಳಿಯುವುದರಿಂದ ಹೋದ ತಿಂಗಳ ಆಳದ ಲೆಕ್ಕ ಈ ತಿಂಗಳಿಗೆ ನಡೆಯುವುದಿಲ್ಲ, ಪ್ರತಿ ಸಲವೂ ಫೋರ್ಸೆಪ್ಸ್ ಇಳಿಸಿ.

ನಿಯಮವನ್ನೂ ನೋಡಿಕೊಳ್ಳಿ. ಅಲ್ಲಿ ಎರೆ ನಿಷಿದ್ಧ. ವಾಸನೆ ಹಚ್ಚದ ಕೃತಕ ಫ್ಲೈ ಅಥವಾ ಲೂರ್ (ನಕಲಿ ಮೀನಿನಂಥ ಆಮಿಷ) ಮಾತ್ರ, ಅದಕ್ಕೆ ಒಂದೇ ಮೊನೆಯ, ಹಿಮ್ಮುಳ್ಳಿಲ್ಲದ ಗಾಳ, ಗಂಟಿಲ್ಲದ ಬಲೆ. ಹಿಮ್ಮುಳ್ಳಿರುವ ಫ್ಲೈ ನಿಮ್ಮಲ್ಲಿದ್ದರೆ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ಯಾವ ತಿಂಗಳು ಮನೆಗೆ ಒಯ್ಯಬಹುದು, ಯಾವಾಗ ಹಿಡಿದು ಬಿಡುವುದಷ್ಟೇ ಅನ್ನುವುದು ಕೆರೆಯಿಂದ ಕೆರೆಗೆ ಬೇರೆ. ಇಲಾಖೆಯ ಫಿಶ್ ವಾಷಿಂಗ್ಟನ್ ಆ್ಯಪಿನಲ್ಲಿ ಕೆರೆಯ ಹೆಸರು ಹಾಕಿ ಆ ದಿನವೇ ನೋಡಿ, ಸ್ನೇಹಿತರ ಬಾಯಿಮಾತು ನಂಬಬೇಡಿ. ಲೈಸೆನ್ಸ್ ವರ್ಷ ಏಪ್ರಿಲ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಫೆಬ್ರುವರಿಯಲ್ಲಿ ಕೊಂಡವರು ಏಪ್ರಿಲಿನಲ್ಲಿ ದಂಡ ಕಟ್ಟುವುದು ಇದೇ ಕಾರಣಕ್ಕೆ. ಫ್ಲೈಗೆ ಮಾತ್ರ ಅವಕಾಶವಿರುವ ಕೆರೆಗಳೂ ಇವೆ, ಡಿಸೆಪ್ಷನ್ ಪಾಸ್ ಉದ್ಯಾನದ ಪಾಸ್ ಲೇಕ್ ಅಂಥದ್ದು. ಹಿಡಿದದ್ದನ್ನು ಅಲ್ಲೇ ಬಿಡಬೇಕಾದ್ದರಿಂದ ಅಲ್ಲಿನ ಮೀನುಗಳು ದೊಡ್ಡವು, ಪಾಠ ಕಲಿತವು. ಫೋಟೋ ನೋಡಿ ಆಸೆಪಟ್ಟು ಮೊದಲ ವರ್ಷವೇ ಅಲ್ಲಿಗೆ ಹೋಗಬೇಡಿ. ಬದಲಿಗೆ ಏಪ್ರಿಲ್ ನಾಲ್ಕನೇ ಶನಿವಾರ ತೆರೆಯುವ ಸಾಮಾನ್ಯ ಕೆರೆಗಳಲ್ಲಿ, ಮೊದಲ ದಿನದ ಜಾತ್ರೆ ಕರಗಿದ ಮೇಲೆ, ವಾರದ ದಿನ ಸಂಜೆ ಹೋಗಿ.

ಬಿಸಿಲು ಏರಿದ ಮೇಲೆ ಲೆಕ್ಕ ಮತ್ತೆ ಬದಲಾಗುತ್ತದೆ. ಟ್ರೌಟಿಗೆ ಹಿತವಾದ ನೀರು 10ರಿಂದ 16 ಡಿಗ್ರಿ ಸೆಲ್ಸಿಯಸ್. 10 ಡಿಗ್ರಿಯ ನೀರು ಲೀಟರಿಗೆ ಹನ್ನೊಂದು ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು ಆಮ್ಲಜನಕ ಹಿಡಿಯಬಲ್ಲದು, 20 ಡಿಗ್ರಿಗೆ ಅದು ಒಂಬತ್ತಕ್ಕೆ ಇಳಿಯುತ್ತದೆ. ಮೀನಿಗೆ ಬೇಕಾಗುವುದು ಮಾತ್ರ ಬಿಸಿ ಏರಿದಷ್ಟೂ ಹೆಚ್ಚು. ಬೇಸಿಗೆಯಲ್ಲಿ ಮೇಲಿನ ಬೆಚ್ಚನೆ ನೀರು ಕೆಳಗಿನ ತಣ್ಣನೆ ನೀರಿನ ಜೊತೆ ಬೆರೆಯುವುದಿಲ್ಲ. ಮೇಲೆ ಸೆಕೆ, ತೀರಾ ಕೆಳಗೆ ಉಸಿರಿಲ್ಲ. ಮೀನು ನಡುವಿನ ಒಂದು ಪಟ್ಟಿಯಲ್ಲಿ ಸಿಕ್ಕಿಕೊಂಡು ಮಂಕಾಗಿರುತ್ತದೆ. ಸೆಪ್ಟೆಂಬರ್ ಕೊನೆಯಿಂದ ಮೇಲ್ನೀರು ತಣ್ಣಗಾಗಿ ಕೆಳಗಿಳಿದು ಕೆರೆಯೆಲ್ಲ ಕದಡಿದ ಮೇಲೆ ಮತ್ತೆ ದಡದ ಹತ್ತಿರ ಬರುತ್ತದೆ. ಅಕ್ಟೋಬರ್ ನನ್ನ ಮೆಚ್ಚಿನ ತಿಂಗಳು, ಬೇಸಿಗೆಯ ಜನಜಂಗುಳಿಯೂ ಇರುವುದಿಲ್ಲ. ಜೇಬಿನಲ್ಲಿ ಥರ್ಮಾಮೀಟರ್ ಇಟ್ಟುಕೊಳ್ಳಿ. 20 ಡಿಗ್ರಿ ತೋರಿಸಿದರೆ ಹಿಡಿದು ಬಿಡುವ ಆಟ ಬೇಡ, ಬಿಟ್ಟರೂ ಸಾಯುವ ಸಂಭವ ಹೆಚ್ಚು.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ಒಂಬತ್ತಡಿಯ ಐದನೇ ಅಥವಾ ಆರನೇ ನಂಬರ್ ರಾಡ್, ತೇಲುವ ಲೈನ್, ಲೈನಿನ ತುದಿಗೆ ಕಟ್ಟುವ ಒಂಬತ್ತಡಿ ಲೀಡರ್, ಅದರ ತುದಿಗೆ ಫ್ಲೈ ಕಟ್ಟಲು 4ಎಕ್ಸ್ ಇಲ್ಲವೇ 5ಎಕ್ಸ್ ದಪ್ಪದ ಫ್ಲೋರೋಕಾರ್ಬನ್ ಟಿಪೆಟ್ ಎಂಬ ತೆಳು ಎಳೆ. ಗಾಳಿ ಹೆಚ್ಚಿರುವ ಕಡೆ ಆರನೇ ನಂಬರ್ ವಾಸಿ. ಮುಂದಿನ ಖರ್ಚು ದುಬಾರಿ ರಾಡಿಗಲ್ಲ, ಫ್ಲೋಟ್ ಟ್ಯೂಬಿಗೆ ಇರಲಿ. ಆಮೇಲೆ ನಿಧಾನಕ್ಕೆ ಮುಳುಗುವ ಒಂದು ಲೈನ್ ತಗೊಂಡರೆ ವೂಲಿ ಬಗರ್ ಎಳೆಯಲು ಹೇಳಿ ಮಾಡಿಸಿದ್ದು: ನಲವತ್ತು-ಐವತ್ತು ಅಡಿ ಹಿಂದೆ ಬಿಟ್ಟು, ಏಣಿನ ಉದ್ದಕ್ಕೆ ಫಿನ್ ಆಡಿಸುತ್ತಾ ಹೋಗಿ, ಆಗಾಗ ನಿಂತು ಅದು ಇಳಿಯಲು ಬಿಡಿ. ನಿಂತು ಮತ್ತೆ ಹೊರಟಾಗಲೇ ಹೆಚ್ಚು ಸಲ ಕಚ್ಚುತ್ತದೆ.

ಎಸೆತದ ಬಗ್ಗೆ ಇಷ್ಟು ಸಾಕು: ಇಲ್ಲಿ ಹಾರುವುದು ಫ್ಲೈ ಅಲ್ಲ, ಲೈನಿನ ತೂಕ. ಐದನೇ ನಂಬರ್ ಲೈನಿನ ಮೊದಲ ಮೂವತ್ತಡಿ ಸುಮಾರು ಒಂಬತ್ತು ಗ್ರಾಂ ತೂಗುತ್ತದೆ. ಹಿಂದಕ್ಕೆ ಬೀಸಿದಾಗ ಆ ತೂಕ ಪೂರ್ತಿ ನೆಟ್ಟಗಾಗುವವರೆಗೆ ಕಾಯಬೇಕು, ಹೊಸಬರು ಕಾಯುವುದಿಲ್ಲ. ಹಿತ್ತಲಿನ ಹುಲ್ಲಿನ ಮೇಲೆ ಗಾಳದ ಬದಲು ಉಣ್ಣೆಯ ಚೂರು ಕಟ್ಟಿ, ತಲೆ ತಿರುಗಿಸಿ ಹಿಂದೆ ನೋಡುತ್ತಾ ದಿನಕ್ಕೆ ಹದಿನೈದು ನಿಮಿಷ ಬೀಸಿ. ಮೂವತ್ತೈದು ಅಡಿ ನೆಟ್ಟಗೆ ಬಿದ್ದರೆ ಈ ವರ್ಷಕ್ಕೆ ಧಾರಾಳವಾಯಿತು. ಕ್ಲಾಸು ಮುಂದಿನ ವರ್ಷಕ್ಕೆ, ಬೇಕೆನಿಸಿದರೆ. ಟೋಪಿ, ಕನ್ನಡಕ ಮಾತ್ರ ಬಿಡಬೇಡಿ, ಗಾಳಿ ತಿರುಗಿದರೆ ಗಾಳ ಮುಖಕ್ಕೇ ಬರುತ್ತದೆ.

ತಿನ್ನಬಹುದೆ? ಧಾರಾಳವಾಗಿ, ನಿಯಮ ಒಪ್ಪುವ ಕೆರೆಯಲ್ಲಿ, ಒಪ್ಪುವಷ್ಟು; ರಾಜ್ಯದ ಸಾಮಾನ್ಯ ಮಿತಿ ಕೆರೆಗಳಲ್ಲಿ ದಿನಕ್ಕೆ ಐದು ಟ್ರೌಟ್. ತಿನ್ನಲಿ ಅಂತಲೇ ಬಿಟ್ಟ ಮೀನು ಇವು, ಆಳವಿಲ್ಲದ ಕೆರೆಗಳಲ್ಲಿ ಎಷ್ಟೋ ಮೀನು ಆಗಸ್ಟ್ ದಾಟುವುದೂ ಇಲ್ಲ. ಇಟ್ಟುಕೊಳ್ಳುವುದಾದರೆ ದಾರದಲ್ಲಿ ಪೋಣಿಸಿ ನೀರಲ್ಲಿ ಒದ್ದಾಡಿಸಬೇಡಿ. ತಲೆಗೆ ಒಂದೇಟು, ಕಿವಿರು ಕತ್ತರಿಸಿ ರಕ್ತ ಹರಿಯಲು ಬಿಟ್ಟು ಐಸಿಗೆ ಹಾಕಿ. ಹೊಟ್ಟೆ ಸೀಳಿದಾಗ ಕರುಳು ಎಸೆಯುವ ಮೊದಲು ಜಠರವನ್ನು ಬಿಳಿ ತಟ್ಟೆಯ ನೀರಿನಲ್ಲಿ ಬಿಡಿಸಿ ನೋಡಿ. ಕಪ್ಪು ಎಳ್ಳಿನಂಥವು ತುಂಬಿದ್ದರೆ ಕೈರೋನಮಿಡ್. ಚಕ್ಕೆ, ಕಲ್ಲು ಇದ್ದರೆ ಇನ್ನೂ ಪೆಲೆಟ್ ಮೀನು. ನಾಳೆ ಯಾವ ಫ್ಲೈ ಅಂತ ಅಂಗಡಿಯವರನ್ನು ಕೇಳಬೇಕಾಗಿಲ್ಲ. ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು, ಬೆಳ್ಳುಳ್ಳಿ ಅರೆದು ಹಚ್ಚಿ ಸಣ್ಣ ರವೆಯಲ್ಲಿ ಹೊರಳಿಸಿ ಕಾವಲಿಯಲ್ಲಿ ಕರಿದರೆ ವಸಂತದ ಟ್ರೌಟ್ ಬಹಳ ಚೆನ್ನ. ಬೇಸಿಗೆ ಕೊನೆಯದಕ್ಕೆ ಕೆಸರಿನ ವಾಸನೆ ಬರುತ್ತದೆ, ಅದನ್ನು ಸಾರಿಗೆ ಹಾಕಬೇಡಿ. ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರೊಳಗೇ ಇಟ್ಟು, ಫೋರ್ಸೆಪ್ಸಿನಿಂದ ಗಾಳ ತಿರುಗಿಸಿ. ಫೋಟೋ ಬೇಕೆಂದರೆ ಮೊದಲು ಕ್ಯಾಮೆರಾ ತಯಾರಿರಲಿ, ಆಮೇಲೆ ಮೀನು ಎತ್ತಿ.

ಮಗನನ್ನು ಖಂಡಿತ ಕರೆದುಕೊಂಡು ಹೋಗಿ, ಹದಿನೈದು ತುಂಬದವರಿಗೆ ಲೈಸೆನ್ಸ್ ಬೇಡ. ಆದರೆ ಅವನಿಗೆ ಈ ವರ್ಷ ಫ್ಲೈ ರಾಡ್ ಕೊಡಬೇಡಿ. ಎರೆಗೆ ಅವಕಾಶವಿರುವ, ಮೀನು ಬಿಟ್ಟು ವಾರವಾಗಿರದ ಕೆರೆಗೆ ಹೋಗಿ, ಬೆಂಡು, ಎರೆಹುಳದಲ್ಲೇ ಶುರು ಮಾಡಿಸಿ, ಒಂದೆರಡು ಮೀನು ಸಿಕ್ಕ ಮೇಲೆ ಅವನೇ ನಿಮ್ಮ ರಾಡ್ ಕೇಳುತ್ತಾನೆ. ಅವನನ್ನು ಟ್ಯೂಬಿನಲ್ಲಿ ಕೂರಿಸಬೇಡಿ, ನೀವು ಕೂರುವಾಗಲೂ ಲೈಫ್ ಜಾಕೆಟ್ ತೊಟ್ಟೇ ಕೂರಿ. ಊರ ಕೆರೆಯಲ್ಲಿ ಈಜಿದ ಧೈರ್ಯ ಇಲ್ಲಿ ನಡೆಯುವುದಿಲ್ಲ. ಏಪ್ರಿಲಿನ ನೀರಿಗೆ ಬಿದ್ದರೆ ಮೊದಲ ನಿಮಿಷದಲ್ಲೇ ಉಸಿರು ಕಟ್ಟಿ ಏದುಸಿರು ಬರುತ್ತದೆ, ಬಾಯಿಗೆ ನೀರು ನುಗ್ಗುವುದು ಆಗಲೇ. ವೇಡರ್ (ನೀರಿಳಿಯದ ಉದ್ದ ಉಡುಪು) ಹಾಕಿದ್ದರೆ ಸೊಂಟದ ಬೆಲ್ಟ್ ಬಿಗಿಯಾಗಿರಲಿ. ಹೊರಡುವಾಗ ಗಾಳಿಗೆ ಎದುರಾಗಿ ಹೊರಡಿ, ದಣಿದ ಮೇಲೆ ಗಾಳಿಯೇ ಕಾರಿನ ಕಡೆಗೆ ತಳ್ಳಿಕೊಂಡು ಬರುತ್ತದೆ.